ಕೈಯಲ್ಲಿ ಕಾದಂಬರಿ, ಟಿವಿಯಲ್ಲಿ ಮ್ಯಾಚು: ಯಾವ ಆಟಕ್ಕೆ ಯಾವ ಪುಸ್ತಕ?

ಕಾದಂಬರಿ ಓದುವವರಿಗೂ ಆಟ ನೋಡುವವರಿಗೂ ಇರುವ ತೊಂದರೆ ಒಂದೇ, ಟೈಮು ಸಾಲುವುದಿಲ್ಲ. ಎರಡೂ ಹುಚ್ಚು ಒಬ್ಬರಿಗೇ ಇದ್ದರಂತೂ ಕೇಳಲೇಬೇಡಿ. ನನ್ನ ಮನೆ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ಆಫೀಸು ಮುಂಬೈಯ ಸಿಎಸ್‌ಎಂಟಿ ಸ್ಟೇಷನ್ ಹತ್ತಿರ. ಹೋಗಿ ಬರುವುದರಲ್ಲೇ ದಿನದ ಒಂದು ಪಾಲು ಲೋಕಲ್ ಟ್ರೈನಿಗೆ ಹೋಗುತ್ತದೆ. ಉಳಿದದ್ದು ಅಡುಗೆ, ಬಟ್ಟೆ, ಮಗನ ಹೋಮ್‌ವರ್ಕ್. ಹಾಗಾಗಿ ನಾನು ಮ್ಯಾಚು ನೋಡುತ್ತಲೇ ಓದುತ್ತೇನೆ. ಅತ್ತೆ ಕುಂದಾಪುರದ ಕಡೆಯವರು, ಇದನ್ನು ಕಂಡರೆ ಅವರಿಗೆ ಆಗುವುದೇ ಇಲ್ಲ. "ಎಂತ ಮಾರಾಯ್ತಿ, ಎರಡು ದೋಣಿಯಲ್ಲಿ ಕಾಲಿಟ್ಟು ಕೂತಿದ್ದೀಯಲ್ಲ, ಒಂದನ್ನಾದರೂ ನೆಟ್ಟಗೆ ನೋಡು" ಅಂತಾರೆ. ಅವರಿಗೆ ಉತ್ತರ ಕೊಡಬೇಕು ಅಂತಲೇ ಒಂದೊಂದು ಆಟಕ್ಕೂ ಒಂದೊಂದು ಪುಸ್ತಕ ಹಿಡಿದು ಕೂತು ನೋಡಿದ್ದೇನೆ.

ಪಾಸು ಮಾಡೋದಕ್ಕೆ ನನ್ನ ಷರತ್ತು ಎರಡೇ. ಪುಟ ತಿರುಗಿಸಿದ ಮೇಲೆ ಹಿಂದಿನ ಪುಟದಲ್ಲಿ ಏನಾಯಿತು ಅಂತ ನೆನಪಿರಬೇಕು. ಮ್ಯಾಚಿನ ಮುಖ್ಯ ಗಳಿಗೆಯನ್ನು ರೀಪ್ಲೇನಲ್ಲಿ ಅಲ್ಲ, ಆಗುವಾಗಲೇ ನೋಡಿರಬೇಕು. ಎರಡರಲ್ಲಿ ಒಂದು ತಪ್ಪಿದರೂ ಫೇಲು.

ಓದುವವರ ಆಟ ಯಾವುದು ಅಂತ ಕೇಳಿದರೆ ಎಲ್ಲರೂ ಟೆಸ್ಟ್ ಕ್ರಿಕೆಟ್ ಅಂತಾರೆ. ಲೆಕ್ಕ ನೋಡಿದರೂ ಸರಿಯೇ. ದಿನಕ್ಕೆ 90 ಓವರು, ಅಂದರೆ 540 ಎಸೆತ. ಒಂದು ಎಸೆತ ಆಗೋದಕ್ಕೆ ಬೇಕಾಗಿರುವುದು ಕೆಲವೇ ಸೆಕೆಂಡು. ಉಳಿದದ್ದೆಲ್ಲ ಬೌಲರ್ ತಿರುಗಿ ನಡೆದುಕೊಂಡು ಹೋಗುವುದು, ಬ್ಯಾಟರ್ ಗ್ಲೌಸ್ ಬಿಚ್ಚಿ ಮತ್ತೆ ಹಾಕಿಕೊಳ್ಳುವುದು, ನಾಯಕ ಒಬ್ಬ ಫೀಲ್ಡರನ್ನು ಎರಡು ಹೆಜ್ಜೆ ಆಚೆ ಕಳಿಸಿ ಮತ್ತೆ ಈಚೆ ಕರೆಯುವುದು. ಊಟಕ್ಕೆ 40 ನಿಮಿಷ, ಟೀಗೆ 20 ನಿಮಿಷ. ಆದರೆ ಯಾವ ದೇಶದ ಟೆಸ್ಟು ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ಇದನ್ನು ಯಾರೂ ಹೇಳುವುದಿಲ್ಲ.

ನಮ್ಮ ದೇಶದಲ್ಲೇ ನಡೆಯುವ ಟೆಸ್ಟು ಓದೋದಕ್ಕೆ ಅಷ್ಟಕ್ಕಷ್ಟೆ. ಬೆಳಗ್ಗೆ 9:30ಕ್ಕೆ ಶುರು. ಅದೇ ಹೊತ್ತಿಗೆ ತರಕಾರಿಯವನು, ಇಸ್ತ್ರಿಯವನು, ಕೊರಿಯರ್, ಸೊಸೈಟಿಯ ವಾಚ್‌ಮನ್ ಎಲ್ಲರೂ ಬೆಲ್ ಒತ್ತುತ್ತಾರೆ. ಅದಿರಲಿ, ಸ್ಪಿನ್ ಪಿಚ್ ಆದರೆ ಓವರು ಮೂರು ನಿಮಿಷದೊಳಗೇ ಮುಗಿಯುತ್ತದೆ, ಪ್ರತಿ ಎಸೆತಕ್ಕೂ ನಾಲ್ಕು ಜನ ಬ್ಯಾಟರ್ ಸುತ್ತ ನಿಂತು ಕೂಗುತ್ತಾರೆ, ಯಾವಾಗ ವಿಕೆಟ್ ಬೀಳುತ್ತದೋ ಹೇಳೋದಕ್ಕೇ ಆಗುವುದಿಲ್ಲ. 2024ರ ನವೆಂಬರ್‌ನಲ್ಲಿ ವಾಂಖೆಡೆಯಲ್ಲಿ ನ್ಯೂಜಿಲೆಂಡ್ ಜೊತೆ ಆಡಿದ ಟೆಸ್ಟು ನೆನಪಿದೆಯಲ್ವಾ? ಗೆಲ್ಲೋದಕ್ಕೆ ಬೇಕಿದ್ದದ್ದು ಬರೀ 147. ನಾವು 121ಕ್ಕೆ ಆಲೌಟ್, ಮೂರನೇ ದಿನಕ್ಕೇ ಆಟ ಖತಂ, ಸರಣಿ 3–0. ನ್ಯೂಜಿಲೆಂಡ್ ಪರ ಹನ್ನೊಂದು ವಿಕೆಟ್ ತೆಗೆದ ಏಜಾಜ್ ಪಟೇಲ್ ಹುಟ್ಟಿದ್ದು ಇದೇ ಮುಂಬೈಯಲ್ಲಿ. ಆ ಭಾನುವಾರ ನನ್ನ ತೊಡೆಯ ಮೇಲೆ ಒಂದು ಪುಸ್ತಕ ಇತ್ತು ಅನ್ನುವುದಷ್ಟೇ ಸತ್ಯ.

ಇಂಗ್ಲೆಂಡಿನ ಟೆಸ್ಟು ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 3:30ಕ್ಕೆ ಶುರುವಾಗುತ್ತದೆ. ಆಫೀಸಿಗೆ ಹೋಗುವವರಿಗೆ ಸಿಗುವುದು ಕೊನೆಯ ಸೆಷನ್ ಮಾತ್ರ, ಅದೂ ಒಗ್ಗರಣೆ ಹಾಕುವ ಹೊತ್ತಿಗೆ. ಶನಿವಾರ ಭಾನುವಾರ ಪರವಾಗಿಲ್ಲ. ಮಳೆಗಾಲದ ಮಧ್ಯಾಹ್ನ, ಇಲ್ಲೂ ಮಳೆ, ಅಲ್ಲೂ ಮೋಡ, ಚಹಾದ ಜೊತೆ ಎರಡು ಅಧ್ಯಾಯ ಆರಾಮಾಗಿ ಸಾಗುತ್ತದೆ. ಆದರೆ ಕೊನೆಯ ದಿನ ನಂಬುವ ಹಾಗಿಲ್ಲ. 2025ರ ಆಗಸ್ಟ್ 4, ಓವಲ್. ಇಂಗ್ಲೆಂಡಿಗೆ 35 ರನ್ ಬೇಕು, ನಮಗೆ ನಾಲ್ಕು ವಿಕೆಟ್. ಸೋಮವಾರ ಬೇರೆ. ನಮ್ಮ ಆಫೀಸಿನಲ್ಲಿ ಆ ಒಂದು ಗಂಟೆ ಯಾರೂ ಕೆಲಸ ಮಾಡಲಿಲ್ಲ. ಕೈ ಜೋಲಿಗೆ ಹಾಕಿಕೊಂಡು ವೋಕ್ಸ್ ಬ್ಯಾಟಿಂಗಿಗೆ ಇಳಿದ. ಆಮೇಲೆ ಸಿರಾಜ್ ಯಾರ್ಕರ್, ಅಟ್ಕಿನ್ಸನ್ ಬೌಲ್ಡ್, 6 ರನ್ನಿಂದ ಗೆಲುವು. ಇಂಥ ಹೊತ್ತಲ್ಲಿ ಪುಸ್ತಕ ಬ್ಯಾಗಿನಲ್ಲಿರಬೇಕು, ಬ್ಯಾಗು ಮೇಜಿನ ಕೆಳಗಿರಬೇಕು.

ಇನ್ನು ಆಸ್ಟ್ರೇಲಿಯಾ. ಇದೇ ನೋಡಿ ನನ್ನ ಫಸ್ಟ್ ಕ್ಲಾಸ್. ಮೆಲ್ಬೋರ್ನ್, ಸಿಡ್ನಿಯಲ್ಲಾದರೆ ನಮಗೆ ಬೆಳಗ್ಗೆ 5ಕ್ಕೆ ಶುರು, ಪರ್ತ್‌ನಲ್ಲಾದರೆ 7:50ಕ್ಕೆ. ಐದು ಗಂಟೆಗೆ ನಮ್ಮ ಬಿಲ್ಡಿಂಗಿನಲ್ಲಿ ನಲ್ಲಿ ನೀರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಟಿವಿಯ ದನಿ ಆರಕ್ಕಿಳಿಸಿ, ಡಿಕಾಕ್ಷನ್ ಇಳಿಯುವವರೆಗೆ ಒಂದು ಓವರ್ ನೋಡಿ, ಆಮೇಲೆ ಪುಸ್ತಕ ತೆಗೆದರೆ ಏಳರವರೆಗೆ ನನ್ನನ್ನು ಕೇಳುವವರಿಲ್ಲ. ವೇಗದ ಬೌಲರ್‌ಗಳೇ ಜಾಸ್ತಿ, ಅವರ ರನ್‌ಅಪ್ ಉದ್ದ, ಅಷ್ಟರಲ್ಲಿ ಒಂದು ಪ್ಯಾರಾ ಮುಗಿಯುತ್ತದೆ. ಆಸ್ಟ್ರೇಲಿಯಾದ ಮೈಕುಗಳ ಮೇಲೆ ನನಗೆ ವಿಶೇಷ ಪ್ರೀತಿ. ಚೆಂಡು ಬ್ಯಾಟಿನ ನಡುವೆ ಬಡಿದರೆ ಒಂದು ಸದ್ದು, ಅಂಚಿಗೆ ತಾಗಿದರೆ ಇನ್ನೊಂದು. ತಲೆ ಎತ್ತಬೇಕೋ ಬೇಡವೋ ಅಂತ ಕಿವಿಯೇ ಹೇಳಿಬಿಡುತ್ತದೆ.

2021ರ ಜನವರಿ 19, ಬ್ರಿಸ್ಬೇನಿನ ಗಾಬಾ. ಆಗ ಕೊರೊನಾದಿಂದಾಗಿ ಮುಂಬೈ ಲೋಕಲ್ಲು ಎಲ್ಲರಿಗೂ ಇನ್ನೂ ತೆರೆದಿರಲಿಲ್ಲ, ಫೆಬ್ರವರಿ 1ರವರೆಗೂ ಇಲ್ಲ. ಹಾಗಾಗಿ ಮನೆಯಿಂದಲೇ ಕೆಲಸ. 328 ಬೇಕು, ಆಸ್ಟ್ರೇಲಿಯಾ 1988ರಿಂದ ಅಲ್ಲಿ ಟೆಸ್ಟೇ ಸೋತಿಲ್ಲ. ನನ್ನ ಕೈಯಲ್ಲಿದ್ದದ್ದು 'ಮಲೆಗಳಲ್ಲಿ ಮದುಮಗಳು'. ಪೂಜಾರ 211 ಎಸೆತಕ್ಕೆ 56 ಮಾಡಿದ ದಿನ ಅದು. ಭುಜಕ್ಕೆ, ಬೆರಳಿಗೆ, ಹೆಲ್ಮೆಟ್ಟಿಗೆ ಚೆಂಡು ಬಡಿಸಿಕೊಂಡು ನಿಂತಿದ್ದ. ಓದುಗರಿಗೆ ಅಷ್ಟು ಒಳ್ಳೆಯ ಬ್ಯಾಟರ್ ಇನ್ನೊಬ್ಬ ಇರಲಿಲ್ಲ, ಇನ್ನು ಹುಟ್ಟುವುದೂ ಕಷ್ಟ. ಪೂಜಾರ ಆಡುವಷ್ಟು ಹೊತ್ತೂ ಆ ಕಾದಂಬರಿ ಅದರ ಪಾಡಿಗೆ ಸಾಗಿತು. ನೂರಾರು ಪುಟ, ಹತ್ತಾರು ಮನೆತನ, ಒಂದು ಕಡೆ ಬಿಟ್ಟ ಪಾತ್ರ ಎಷ್ಟೋ ಹೊತ್ತಾದ ಮೇಲೆ ಇನ್ನೊಂದು ಗುಡ್ಡದ ಆಚೆ ಸಿಗುತ್ತದೆ. ಅವಸರ ಮಾಡಿದರೆ ಆ ಪುಸ್ತಕಕ್ಕೂ ಸೇರುವುದಿಲ್ಲ, ಪೂಜಾರನಿಗೂ ಸೇರುವುದಿಲ್ಲ. ಆಮೇಲೆ ಪಂತ್ ಕೈಬಿಚ್ಚಿ ಹೊಡೆಯೋದಕ್ಕೆ ಶುರು ಮಾಡಿದ. ಆಗ ಪುಸ್ತಕ ಮುಚ್ಚಿಟ್ಟೆ. ಟೆಸ್ಟಿನ ಗುಣವೇ ಅದು: ಪುಸ್ತಕ ಮುಚ್ಚುವ ಹೊತ್ತು ಬಂದರೆ ಅರ್ಧ ಗಂಟೆ ಮೊದಲೇ ಗೊತ್ತಾಗುತ್ತದೆ.

ಇಲ್ಲೊಂದು ಮುಖ್ಯ ವಿಷಯ. ಕಾಮೆಂಟರಿ ಯಾವ ಭಾಷೆಯಲ್ಲಿದೆ ಅನ್ನುವುದು ಆಟಕ್ಕಿಂತ ಜಾಸ್ತಿ ಲೆಕ್ಕಕ್ಕೆ ಬರುತ್ತದೆ. ಅತ್ತೆಗೆ ಕನ್ನಡ ಕಾಮೆಂಟರಿ ಬೇಕು. ಮುಂಬೈಯಲ್ಲಿ ಇಷ್ಟು ವರ್ಷ ಇದ್ದು ಟಿವಿಯಲ್ಲಾದರೂ ಕನ್ನಡ ಕೇಳಿಸಲಿ ಅನ್ನುವುದು ಅವರ ವಾದ, ತಪ್ಪೇನಿಲ್ಲ. ಆದರೆ ಕಣ್ಣಲ್ಲಿ ಕನ್ನಡ, ಕಿವಿಯಲ್ಲೂ ಕನ್ನಡ ಬಂದರೆ ಎರಡೂ ಒಂದರ ಮೇಲೊಂದು ಬಿದ್ದು ಗೋಜಲಾಗುತ್ತದೆ. ಒಂದು ಸಲ ಗದ್ದೆಯಲ್ಲಿ ಇಬ್ಬರು ಮಾತಾಡುವ ಸನ್ನಿವೇಶ ಓದುತ್ತಿದ್ದೆ, ಟಿವಿಯಿಂದ "ಭರ್ಜರಿ ಹೊಡೆತ!" ಅಂತ ಬಂತು. ಕಾದಂಬರಿಯಲ್ಲಿ ಯಾರೋ ಯಾರಿಗೋ ಹೊಡೆದರು ಅಂತಲೇ ತಿಳಿದು ಮುಂದೆ ಹೋದೆ. ಹಿಂದಿ ಪರವಾಗಿಲ್ಲ. ಇಂಗ್ಲಿಷ್ ಅತ್ಯುತ್ತಮ, ಯಾಕೆಂದರೆ ಅದು ಹಿಂದೆ ಗುಯ್‌ಗುಡುತ್ತಾ ಇರುತ್ತದೆ, ಬೇಕಾದಾಗ ಮಾತ್ರ ಒಳಗೆ ಬರುತ್ತದೆ. ಇಂಗ್ಲಿಷ್ ಕಾದಂಬರಿ ಓದುವಾಗ ಇದೇ ಉಲ್ಟಾ, ಆಗ ಅತ್ತೆಯ ಇಷ್ಟದಂತೆ ಕನ್ನಡಕ್ಕೆ ಹಾಕುತ್ತೇನೆ. ಮನೆಯಲ್ಲಿ ಶಾಂತಿ.

ಟೆನಿಸ್ ಎರಡನೇ ಸ್ಥಾನದಲ್ಲಿದೆ. ಎಷ್ಟೋ ಸಲ ಮೊದಲನೇದಕ್ಕೇ ಏರಬೇಕಿತ್ತು. ಇಲ್ಲಿ ಬಿಡುವು ನಿಯಮದಲ್ಲೇ ಇದೆ. ಪಾಯಿಂಟಿನ ನಡುವೆ 25 ಸೆಕೆಂಡು, ಕೋರ್ಟಿನ ಬದಿ ಬದಲಿಸುವಾಗ 90 ಸೆಕೆಂಡು, ಸೆಟ್ ಮುಗಿದರೆ ಎರಡು ನಿಮಿಷ. ಜೊತೆಗೆ ಚೆಂಡು ಆಡುವಾಗ ವಿಂಬಲ್ಡನ್ನಿನಲ್ಲಿ ಇಡೀ ಸ್ಟೇಡಿಯಂ ಬಾಯಿ ಮುಚ್ಚಿ ಕೂತಿರುತ್ತದೆ, ಪಾಯಿಂಟ್ ಮುಗಿದ ಮೇಲೆ ಚಪ್ಪಾಳೆ. ಅಂದರೆ ಸದ್ದು ಬಂದಾಗ ಓದಬೇಕು, ಸದ್ದು ನಿಂತಾಗ ನೋಡಬೇಕು. ಕ್ರಿಕೆಟ್ಟಿಗೆ ಪೂರಾ ಉಲ್ಟಾ. ಒಂದೆರಡು ಗೇಮ್ ಆಗುವಷ್ಟರಲ್ಲಿ ರೂಢಿಯಾಗುತ್ತದೆ.

ಆದರೆ ದಪ್ಪ ಪುಸ್ತಕ ಇಲ್ಲಿ ನಡೆಯುವುದಿಲ್ಲ. ತೊಂಬತ್ತು ಸೆಕೆಂಡಿಗೆ ಒಂದೂವರೆ ಪುಟ ಆಗುತ್ತದೆ, ಅಷ್ಟಕ್ಕೇ ನಿಲ್ಲಿಸಬೇಕು. ಅದಕ್ಕೆ ಸರಿಹೊಂದಿದ್ದು 'ಕರ್ವಾಲೊ'. ತೆಳು ಪುಸ್ತಕ, ಚುರುಕು ಮಾತು, ಮಂದಣ್ಣನ ಒಂದು ಪ್ರಸಂಗ ಮುಗಿದು ಇನ್ನೊಂದಕ್ಕೆ ಜಿಗಿಯುವ ವೇಗ, ನಡುನಡುವೆ ನಗು. ಹಾರುವ ಓತಿಯ ಬೆನ್ನು ಹತ್ತಿದ ಕತೆಯನ್ನು ಪಾಯಿಂಟುಗಳ ನಡುವೆ ಓದಿ ಮುಗಿಸಿದರೂ ಎಲ್ಲೂ ಎಳೆ ಕಳಚಲಿಲ್ಲ. 2025ರ ಜೂನ್ 8ರ ಫ್ರೆಂಚ್ ಓಪನ್ ಫೈನಲ್ ಅಲ್ಕರಾಜ್ ಮತ್ತು ಸಿನ್ನರ್ ನಡುವೆ 5 ಗಂಟೆ 29 ನಿಮಿಷ ನಡೆಯಿತು. ಮೂರು ಚಾಂಪಿಯನ್‌ಶಿಪ್ ಪಾಯಿಂಟು ಉಳಿಸಿಕೊಂಡು ಅಲ್ಕರಾಜ್ ಗೆದ್ದ. ಅದರ ಮೊದಲ ಎರಡು ಸೆಟ್ಟುಗಳಲ್ಲಿ ನಾನು ಓದಿದ್ದೇ ಜಾಸ್ತಿ. ಮೂರನೇ ಸೆಟ್ಟಿಗೆ ಅತ್ತೆಯೇ ಪುಸ್ತಕ ಕಸಿದುಕೊಂಡು ಫ್ರಿಜ್ಜಿನ ಮೇಲಿಟ್ಟರು. "ಈಗ ಹುಡುಗ ಏಳ್ತಾನೆ, ನೋಡು" ಅಂದರು. ಎದ್ದ.

2019ರ ಜುಲೈ 14 ಮಾತ್ರ ಯಾವ ಹೋಲಿಕೆಗೂ ಸಿಗುವುದಿಲ್ಲ. ಒಂದೇ ಸಂಜೆ ಲಾರ್ಡ್ಸ್‌ನಲ್ಲಿ ಕ್ರಿಕೆಟ್ ವಿಶ್ವಕಪ್ ಫೈನಲ್, ಅದೇ ಲಂಡನ್ನಿನಲ್ಲಿ ಜೊಕೊವಿಚ್ ಮತ್ತು ಫೆಡರರ್ ನಡುವೆ ವಿಂಬಲ್ಡನ್ ಫೈನಲ್. ಅಲ್ಲಿ ಎರಡೂ ತಂಡ 241, ಸೂಪರ್ ಓವರಿನಲ್ಲೂ ಸಮ, ಕೊನೆಗೆ ಬೌಂಡರಿ ಲೆಕ್ಕ ಹಾಕಿ ಇಂಗ್ಲೆಂಡಿಗೆ ಕೊಟ್ಟರು. ಇಲ್ಲಿ 4 ಗಂಟೆ 57 ನಿಮಿಷ, ಫೆಡರರ್ ಕೈಯಲ್ಲಿ ಎರಡು ಚಾಂಪಿಯನ್‌ಶಿಪ್ ಪಾಯಿಂಟಿದ್ದೂ ಹೋಯಿತು. ಆ ದಿನ ಕೈಯಲ್ಲಿದ್ದದ್ದು ರಿಮೋಟ್ ಮಾತ್ರ, ಅದರ ಬಟನ್ ಸವೆಯಿತು.

ಫುಟ್‌ಬಾಲ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಓದೋದಕ್ಕೆ ಆಗುವುದೇ ಇಲ್ಲ. ಗೋಲು ಅಪರೂಪ ಅಂತ ಓದೋದಕ್ಕೆ ಕೂತರೆ ಅದೇ ಅಪರೂಪದ್ದು ಕೈತಪ್ಪುತ್ತದೆ. 2022ರ ವಿಶ್ವಕಪ್ ಫೈನಲ್ಲಿನಲ್ಲಿ ಅರ್ಜೆಂಟೀನಾ 79 ನಿಮಿಷದವರೆಗೆ 2–0 ಮುಂದೆ ಇತ್ತು. ಯಾರಿಗಾದರೂ ಪುಸ್ತಕ ತೆಗೆಯೋಣ ಅನಿಸುವ ಸ್ಥಿತಿ. ಎಂಬಾಪೆ 97 ಸೆಕೆಂಡಿನೊಳಗೆ ಎರಡು ಗೋಲು ಹೊಡೆದ. 97 ಸೆಕೆಂಡು ಅಂದರೆ ನನ್ನ ಲೆಕ್ಕದಲ್ಲಿ ಒಂದೂವರೆ ಪುಟ. ಫುಟ್‌ಬಾಲ್‌ನಲ್ಲಿ ಓದೋದಕ್ಕೆ ಸಿಗುವುದು ಹಾಫ್‌ಟೈಮಿನ 15 ನಿಮಿಷ, ಅದರಲ್ಲಿ ಪಾತ್ರೆ ತೊಳೆದರೆ ಆಯಿತು. ಟಿ20 ಕೂಡ ಇದೇ ಗುಂಪು. ಏಕದಿನದ ನಡುವಿನ ಓವರುಗಳಲ್ಲಿ ವಾರಪತ್ರಿಕೆ ಓದಬಹುದು, ಕಾದಂಬರಿ ಬೇಡ. ಬ್ಯಾಡ್ಮಿಂಟನ್ನಿನಲ್ಲಿ 11 ಪಾಯಿಂಟಾದಾಗ ಒಂದು ನಿಮಿಷ ಬಿಡುತ್ತಾರೆ, ಅದು ನೀರು ಕುಡಿಯೋದಕ್ಕೆ, ಅವರಿಗೂ ನಮಗೂ.

ಚೆಸ್ ಮೇಲೆ ತುಂಬಾ ಆಸೆ ಇಟ್ಟುಕೊಂಡಿದ್ದೆ. 2024ರಲ್ಲಿ ಸಿಂಗಾಪುರದಲ್ಲಿ ಗುಕೇಶ್ ಮತ್ತು ಡಿಂಗ್ ಲಿರೆನ್ 14 ಆಟ ಆಡಿದರಲ್ಲ, ನಮಗೆ ಮಧ್ಯಾಹ್ನ 2:30ಕ್ಕೆ ಶುರುವಾಗುತ್ತಿತ್ತು. ಒಬ್ಬ ಯೋಚನೆಗೆ ಕೂತರೆ ಒಂದೇ ನಡೆಗೆ ಅರ್ಧ ಗಂಟೆ. ಇದಕ್ಕಿಂತ ಒಳ್ಳೆಯ ಅವಕಾಶ ಯಾವ ಆಟ ಕೊಡುತ್ತದೆ ಹೇಳಿ? ಆದರೆ ಆಗಿದ್ದೇ ಬೇರೆ. ಅವರು ಯೋಚಿಸುವಾಗ ನಾನೂ ಯೋಚಿಸೋದಕ್ಕೆ ಶುರು ಮಾಡುತ್ತಿದ್ದೆ. ಕುದುರೆ ಅಲ್ಲಿಗೆ ಹೋದರೆ? ಆನೆ ಇಲ್ಲಿಗೆ ಬಂದರೆ? ಪಕ್ಕದಲ್ಲಿ ಕಂಪ್ಯೂಟರ್ ತೋರಿಸುವ ಆ ಬಿಳಿ ಕಪ್ಪು ಪಟ್ಟಿ ಒಂದು ಚೂರು ಅಲುಗಿದರೂ ಕಣ್ಣು ಅಲ್ಲೇ. ಕಾದಂಬರಿಗೂ ಚೆಸ್ಸಿಗೂ ತಲೆಯ ಒಂದೇ ಕೋಣೆ ಬೇಕು ಅನಿಸುತ್ತದೆ. ಡಿಸೆಂಬರ್ 12ರ ಕೊನೆಯ ಆಟ ಡ್ರಾ ಆಗುತ್ತದೆ ಅಂತ ಎಲ್ಲರೂ ಮಾತಾಡುತ್ತಿದ್ದಾಗ 55ನೇ ನಡೆಯಲ್ಲಿ ಡಿಂಗ್ ಆನೆಯನ್ನು ತಪ್ಪು ಮನೆಗೆ ಸರಿಸಿದ. ಹದಿನೆಂಟರ ಹುಡುಗ ವಿಶ್ವ ಚಾಂಪಿಯನ್ ಆದ. ಸುಮ್ನೆ ನೋಡೋದಕ್ಕೆ ಹತ್ತಕ್ಕೆ ಹತ್ತು, ಓದೋದಕ್ಕೆ ಮೂರು.

ಅಚ್ಚರಿ ಕೊಟ್ಟದ್ದು ಜಾವೆಲಿನ್. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಫೈನಲ್ಲಿಗೆ 12 ಜನ, ಒಬ್ಬೊಬ್ಬರಿಗೆ ಮೂರು ಎಸೆತ, ಆಮೇಲೆ ಮುಂದಿದ್ದ ಎಂಟು ಜನಕ್ಕೆ ಇನ್ನೂ ಮೂರು. ನೀರಜ್ ಚೋಪ್ರಾ ಯಾವಾಗ ಬರುತ್ತಾನೆ ಅಂತ ಪಟ್ಟಿಯಲ್ಲೇ ಗೊತ್ತು. ಒಂದು ಸಲ ಎಸೆದ ಮೇಲೆ ಮುಂದಿನ ಸರದಿಯವರೆಗೆ ಕಾದಂಬರಿ ನಿಮ್ಮದು. ಪ್ಯಾರಿಸ್ ಒಲಿಂಪಿಕ್ಸ್ ಫೈನಲ್ ನಡೆದಾಗ ನಮಗೆ ನಡುರಾತ್ರಿ. ಪಾಕಿಸ್ತಾನದ ಅರ್ಷದ್ ನದೀಮ್ ಎರಡನೇ ಎಸೆತದಲ್ಲೇ 92.97 ಮೀಟರ್ ಎಸೆದಾಗ ತಲೆ ಎತ್ತಿದ್ದು ಜನರ ಕೂಗಿಗೆ. ಹಾಗಾಗಿ ನನ್ನ ಎರಡನೇ ಷರತ್ತಿನಲ್ಲಿ ಅರ್ಧ ಮಾರ್ಕು ಕಟ್. ನೀರಜನದು 89.45, ಉಳಿದ ಐದೂ ಫೌಲು. ಆ ಐದು ಫೌಲುಗಳ ನಡುವೆ ಏನು ಓದಿದೆ ಅಂತ ಈಗ ಕೇಳಬೇಡಿ.

ಮನೆಯ ಮಾತಾಯಿತು, ಈಗ ಸ್ಟೇಡಿಯಂ. 2025ರ ನವೆಂಬರ್ 2, ನೆರೂಲ್‌ನ ಡಿ.ವೈ. ಪಾಟೀಲ್ ಸ್ಟೇಡಿಯಂ, ಮಹಿಳಾ ವಿಶ್ವಕಪ್ ಫೈನಲ್. ಮೂರು ದಿನ ಮೊದಲು ಅಲ್ಲೇ ಜೆಮಿಮಾ ರಾಡ್ರಿಗಸ್ 127 ಹೊಡೆದು ಆಸ್ಟ್ರೇಲಿಯಾದ ಎದುರು 339ರ ಗುರಿ ಮುಟ್ಟಿಸಿದ್ದಳು. ನಮ್ಮ ಮುಂಬೈ ಹುಡುಗಿ. ಊರೆಲ್ಲ ಅದೇ ಮಾತು. ಟಿಕೆಟ್ ಸಿಕ್ಕಿದ್ದೇ ಪುಣ್ಯ. ಡೊಂಬಿವಲಿಯಿಂದ ಠಾಣೆ, ಅಲ್ಲಿ ಗಾಡಿ ಬದಲಿಸಿ ಟ್ರಾನ್ಸ್‌ಹಾರ್ಬರ್ ಹಿಡಿದು ನೆರೂಲ್. ಬ್ಯಾಗು ಒಯ್ಯುವ ಹಾಗಿಲ್ಲ, ನೀರಿನ ಬಾಟಲಿಯೂ ಇಲ್ಲ. ಒಂದು ತೆಳು ಕಾದಂಬರಿಯನ್ನು ಕೈಯಲ್ಲೇ ಹಿಡಿದುಕೊಂಡಿದ್ದೆ. ತಪಾಸಣೆಗೆ ನಿಂತಿದ್ದ ಪೊಲೀಸ್ ತಾಯಿ ಅದನ್ನು ಗಿಲಗಿಲ ಅಲ್ಲಾಡಿಸಿ, ಪುಟ ತಿರುವಿ, "ಹೇ ಕಾಯ್? ಕನ್ನಡ?" ಅಂದರು. ಹೌದು ಅಂದೆ. "ಮ್ಯಾಚ್‌ಮಧ್ಯೆ ವಾಚಣಾರ್?" ಮ್ಯಾಚಿನಲ್ಲಿ ಓದ್ತೀರಾ ಅಂತ. ಅತ್ತೆಯ ಪ್ರಶ್ನೆ ಮರಾಠಿಯಲ್ಲಿ ಬಂದ ಹಾಗಾಯಿತು.

ಓದಿದೆ, ಹೇಳಿಯೇ ಬಿಡುತ್ತೇನೆ. ಮೂರಕ್ಕೆ ಶುರುವಾಗಬೇಕಿದ್ದ ಮ್ಯಾಚು ಮಳೆಯಿಂದ ಐದಕ್ಕೆ ಶುರುವಾಯಿತು. ಮೇಲೆ ಸೂರು ಇದ್ದ ಸೀಟು. ಸುತ್ತ ನೀಲಿ ಜರ್ಸಿ, ಡೋಲು, ಕೆನ್ನೆಗೆ ಬಣ್ಣ ಬಳಿದುಕೊಂಡ ಶಾಲೆಯ ಹುಡುಗಿಯರು, ಕೆಳಗೆ ಕವರ್ ಹೊದ್ದುಕೊಂಡ ಪಿಚ್ಚು. ಆ ಎರಡು ಗಂಟೆಯಲ್ಲಿ ಓದಿದಷ್ಟು ಮನೆಯಲ್ಲಿ ಒಂದು ವಾರದಲ್ಲೂ ಓದುವುದಿಲ್ಲ. ಬೆಲ್ ಇಲ್ಲ, ಕುಕ್ಕರ್ ಇಲ್ಲ, ಎದ್ದು ಹೋಗೋದಕ್ಕೆ ಜಾಗವೂ ಇಲ್ಲ. ಆಟ ಶುರುವಾದ ಮೇಲೆ ಪುಸ್ತಕವನ್ನು ಕೂರುವ ಜಾಗದಲ್ಲಿಟ್ಟು ಅದರ ಮೇಲೇ ಕೂತೆ, ಸೀಟು ಒದ್ದೆ ಇತ್ತು. ಲೇಖಕರು ಕ್ಷಮಿಸಲಿ. ಶೆಫಾಲಿ 87, ನಾವು 298. ದಕ್ಷಿಣ ಆಫ್ರಿಕಾದ ವೂಲ್ವಾರ್ಟ್ 101 ಹೊಡೆದು ಪಂದ್ಯವನ್ನು ಎಳೆದುಕೊಂಡು ಹೋಗುತ್ತಿದ್ದಾಗ ಅಮನ್‌ಜೋತ್ ಆ ಕ್ಯಾಚನ್ನು ಒಂದು ಸಲ ಬಿಟ್ಟು, ಎರಡನೇ ಸಲ ಬಿಟ್ಟು, ಮೂರನೇದಕ್ಕೆ ಹಿಡಿದಳು. ಟಿವಿಯಲ್ಲಿ ನೋಡಿದವರಿಗೆ ಕ್ಲೋಸ್‌ಅಪ್ ಸಿಕ್ಕಿರಬಹುದು. ನಮಗೆ ಸಿಕ್ಕಿದ್ದು ಸಾವಿರಾರು ಜನ ಒಂದೇ ಉಸಿರಲ್ಲಿ ಮೂರು ಬೇರೆ ಬೇರೆ ಸದ್ದು ಮಾಡಿದ್ದು. ದೀಪ್ತಿಗೆ ಐದು ವಿಕೆಟ್, 52 ರನ್ನಿಂದ ಗೆದ್ದೆವು, ಆಗ ಹೆಚ್ಚುಕಡಿಮೆ ಮಧ್ಯರಾತ್ರಿ. ಸ್ಟೇಡಿಯಂಗೆ ನನ್ನ ತೀರ್ಪು: ಮಳೆ ಬಂದರೆ ನೂರಕ್ಕೆ ನೂರು, ಬಾರದಿದ್ದರೆ ಸೊನ್ನೆ.

ಲೋಕಲ್ಲಿನಲ್ಲಿ ಫೋನಿನಲ್ಲಿ ಮ್ಯಾಚು ನೋಡುವುದಾ, ಪುಸ್ತಕ ಓದುವುದಾ ಅಂದರೆ ಎರಡನೇದೇ. ಲೇಡೀಸ್ ಡಬ್ಬಿಯಲ್ಲಿ ಫೋರ್ತ್ ಸೀಟು, ಅಂದರೆ ಮೂವರ ಸೀಟಿನ ತುದಿಯಲ್ಲಿ ನಾಲ್ಕನೆಯವರ ಜಾಗ, ಸಿಕ್ಕರೂ ಅರ್ಧ ಮೈ ಸೀಟಿನ ಹೊರಗೇ ಇರುತ್ತದೆ, ಎದುರಿಗೆ ಒಬ್ಬರು ಮೆಂತ್ಯ ಸೊಪ್ಪು ಬಿಡಿಸುತ್ತಿರುತ್ತಾರೆ, ಮುಂಬ್ರಾ ಗುಡ್ಡದ ಹತ್ತಿರ ಸಿಗ್ನಲ್ ಕೈಕೊಡುತ್ತದೆ, ಸರಿಯಾಗಿ ಅಲ್ಲೇ ವಿಕೆಟ್ ಬೀಳುತ್ತದೆ. ಪುಸ್ತಕಕ್ಕೆ ಸಿಗ್ನಲ್ ಬೇಡ. ಸ್ಕೋರು ಹೇಗೂ ಘಾಟ್‌ಕೋಪರಿನಲ್ಲಿ ಹತ್ತುವವರು ಹೇಳುತ್ತಾರೆ.

ಹಾಗಂತ ಫೋನಿನಲ್ಲಿ ಓದುವುದನ್ನೂ ಬಿಟ್ಟಿಲ್ಲ. ಮೈಲ್ಯಾಂಗ್ ಥರದ ಆ್ಯಪ್‌ಗಳಲ್ಲಿ ಕನ್ನಡದ ಇ-ಪುಸ್ತಕವೂ ಸಿಗುತ್ತದೆ, ಆಡಿಯೋ ಪುಸ್ತಕವೂ ಸಿಗುತ್ತದೆ. ಮುಂಬೈಯಲ್ಲಿ ಕೂತು ಕನ್ನಡ ಪುಸ್ತಕಕ್ಕೆ ಧಾರವಾಡದ ಸುಭಾಸ ರಸ್ತೆಗೇ ಹೋಗಬೇಕಾಗಿಲ್ಲ ಅನ್ನುವುದು ದೊಡ್ಡ ಸಮಾಧಾನ. ಆದರೆ ಮ್ಯಾಚಿನ ದಿನ ಫೋನಿನಲ್ಲಿ ಓದಬಾರದು. ಕಾದಂಬರಿಯಲ್ಲಿ ಅಜ್ಜಿ ಸಾಯುತ್ತಿರುತ್ತಾಳೆ, ಮೇಲಿಂದ ಪಟ್ಟಿ ಜಾರಿ ಬರುತ್ತದೆ: ಬುಮ್ರಾಗೆ ಇನ್ನೊಂದು ವಿಕೆಟ್. ಅಳಬೇಕೋ ಕುಣಿಯಬೇಕೋ? ನೋಟಿಫಿಕೇಶನ್ ಬಂದ್ ಮಾಡಬಹುದು, ಆದರೆ ಬಂದ್ ಮಾಡಿದರೆ ಐದು ನಿಮಿಷಕ್ಕೊಮ್ಮೆ ನಾವೇ ಹೋಗಿ ನೋಡುತ್ತೇವೆ. ಕಾಗದದ ಪುಸ್ತಕ, ನಡುವೆ ಹಳೆಯ ರೈಲ್ವೆ ಪಾಸು, ಅಷ್ಟು ಸಾಕು.

ಆಡಿಯೋಗೆ ಮಾತ್ರ ಒಂದು ಜೋಡಿ ಸಿಕ್ಕಿದೆ, ಅದನ್ನು ಯಾರೂ ಊಹಿಸಲಾರರು: ಟೂರ್ ದ ಫ್ರಾನ್ಸ್. ಜುಲೈಯಲ್ಲಿ ಮೂರು ವಾರ, 21 ಹಂತ, ದಿನಕ್ಕೆ ನಾಲ್ಕೈದು ಗಂಟೆ ಸೈಕಲ್ಲು. ಟಿವಿಯನ್ನು ಮ್ಯೂಟ್ ಮಾಡಿ ಕಿವಿಗೆ ಕನ್ನಡ ಕಾದಂಬರಿ ಹಾಕಿಕೊಳ್ಳಿ. ಹೆಲಿಕಾಪ್ಟರಿನಿಂದ ದ್ರಾಕ್ಷಿ ತೋಟ, ಹಳೆಯ ಕೋಟೆ, ಆಲ್ಪ್ಸ್ ಘಾಟಿನ ತಿರುವುಗಳು. ಕಿವಿಯಲ್ಲಿ ಮಲೆನಾಡಿನ ಯಾವುದೋ ಮನೆಯ ಜಗಳ. ಕೈ ಖಾಲಿ, ಅವರೆಕಾಯಿಯನ್ನೂ ಬಿಡಿಸಬಹುದು. ಕೊನೆಯ ಹತ್ತು ಕಿಲೋಮೀಟರಿಗೆ ಕತೆ ನಿಲ್ಲಿಸಿ ದನಿ ಏರಿಸಿದರೆ ಆಯಿತು. ನನ್ನ ಎರಡೂ ಷರತ್ತು ಪಾಸು. ಕಣ್ಣಿಗೊಂದು ಕೆಲಸ, ಕಿವಿಗೊಂದು ಕೆಲಸ ಹಂಚಿಕೊಟ್ಟರೆ ಜಗಳ ಇಲ್ಲ. ಇದನ್ನೇ ಫುಟ್‌ಬಾಲಿಗೆ ಹಾಕಿ ನೋಡಿದೆ, ಕತೆ ಪೂರ್ತಿ ನೀರುಪಾಲು.

ಒಂದು ಥರದ ಕಾದಂಬರಿಯನ್ನು ಯಾವ ಆಟದ ಜೊತೆಗೂ ಇಡಬೇಡಿ. 'ಶಿಕಾರಿ'ಯಂಥದ್ದು. ಇದೇ ಮುಂಬೈ, ಕಂಪನಿಯೊಳಗಿನ ಸಂಚು, ನಾಗಪ್ಪನ ತಲೆಯೊಳಗೆ ಬೆಳೆಯುವ ಅನುಮಾನ. ಒಂದು ವಾಕ್ಯ ಬಿಟ್ಟರೂ ಮುಂದಿನದು ಅರ್ಥವಾಗುವುದಿಲ್ಲ. ಆಸ್ಟ್ರೇಲಿಯಾದ ಬೆಳಗಿನ ಟೆಸ್ಟಿಗೂ ಹಿಡಿದು ನೋಡಿದೆ, ಟೀ ಹೊತ್ತಿಗೆ ಪಂದ್ಯವೇ ಮರೆತುಹೋಗಿತ್ತು. ಪುಸ್ತಕ ಗೆದ್ದಿತು ಅನ್ನಬಹುದು, ಆದರೆ ನನ್ನ ನಿಯಮದಲ್ಲಿ ಅದು ಫೇಲೇ. ಅಂಥ ಪುಸ್ತಕಕ್ಕೆ ಆಟ ಇಲ್ಲದ ದಿನ ಬೇಕು. ಬಹಳ ಪಾತ್ರಗಳಿದ್ದು ನಿಧಾನ ಸಾಗುವ ಕಾದಂಬರಿ ಟೆಸ್ಟಿಗೆ, ತೆಳು ಕಾದಂಬರಿ ಟೆನಿಸ್ಸಿಗೆ, ಕೇಳುವ ಕಾದಂಬರಿ ಸೈಕಲ್ಲಿಗೆ.

ಇಷ್ಟೆಲ್ಲ ಮಾಡಿದ ಮೇಲೆ ಗೊತ್ತಾದದ್ದು ಏನಪ್ಪಾ ಅಂದರೆ, ಭಾರತ ಆಡದ ಪಂದ್ಯವೇ ಓದೋದಕ್ಕೆ ಎಲ್ಲಕ್ಕಿಂತ ಒಳ್ಳೆಯದು. ನಮ್ಮವರು ಆಡುವಾಗ ಬಿಡುವಿನಲ್ಲೂ ಹೊಟ್ಟೆಯೊಳಗೆ ಏನೋ ಆಗುತ್ತಿರುತ್ತದೆ, ಓದಿದ್ದು ತಲೆಗೆ ಹತ್ತುವುದಿಲ್ಲ. ಆಸ್ಟ್ರೇಲಿಯಾ ಮತ್ತು ಇಂಗ್ಲೆಂಡ್ ಆಡಲಿ, ಯಾರು ಗೆದ್ದರೂ ನನಗೇನು? ಒಳ್ಳೆಯ ಆಟ ಆದರೆ ತಲೆ ಎತ್ತುತ್ತೇನೆ. ಡಿಸೆಂಬರ್ 26ಕ್ಕೆ ಮೆಲ್ಬೋರ್ನಿನಲ್ಲಿ ಬಾಕ್ಸಿಂಗ್ ಡೇ ಟೆಸ್ಟು ಇದ್ದೇ ಇರುತ್ತದೆ, ಮಗನಿಗೂ ಆಗ ಶಾಲೆ ರಜೆ. ಈ ಸಲಕ್ಕೆ 'ಪರ್ವ' ತೆಗೆದಿಟ್ಟಿದ್ದೇನೆ, ಐದು ದಿನದ ಆಟಕ್ಕೆ ಸರಿಯಾದ ದಪ್ಪ. ಪಂದ್ಯ ಮೂರೇ ದಿನಕ್ಕೆ ಮುಗಿದರೆ ಮಾತ್ರ ಎಡವಟ್ಟು. ಅದಕ್ಕೇ ಟಾಸ್ ಆಗುವ ಮೊದಲು ಪಿಚ್ ವರದಿ ನೋಡಿ, ಹುಲ್ಲು ಜಾಸ್ತಿ ಇದೆ ಅಂದರೆ ತೆಳುವಾದದ್ದೊಂದನ್ನೂ ಪಕ್ಕದಲ್ಲಿಟ್ಟುಕೊಳ್ಳಿ.